ನೀರಿನ ಗುಣ ಬದಲಿಸುವುದು ಬಿಟ್ಟೆ, ಮೀನು ಬದಲಿಸಿದೆ: ಗಡಸು ನೀರಿನ ಕಮ್ಯುನಿಟಿ ಟ್ಯಾಂಕ್, ನನ್ನ ಅನುಭವ

ಕೊಡಗು ಅಂದರೆ ಮಳೆ, ಮಳೆ ಅಂದರೆ ಮೆದು ನೀರು ಅಂತ ಹೊರಗಿನವರು ಲೆಕ್ಕ ಹಾಕುತ್ತಾರೆ. ಮಡಿಕೇರಿ, ಭಾಗಮಂಡಲದ ಕಡೆ ಆ ಲೆಕ್ಕ ಸರಿ. ಅಲ್ಲಿ ತೋಡಿನ ನೀರು, ಒರತೆ ನೀರು ತಂದು ಹಾಗೇ ಟ್ಯಾಂಕಿಗೆ ಸುರಿದರೂ ನಿಯಾನ್ ಟೆಟ್ರಾ ಖುಷಿಯಾಗಿರುತ್ತದೆ. ನಮ್ಮದು ಕುಶಾಲನಗರ ದಾಟಿ ಹೆಬ್ಬಾಲೆ ಕಡೆ. ಮಡಿಕೇರಿಗೆ ಬೀಳುವ ಮಳೆಯಲ್ಲಿ ಅರ್ಧವೂ ಇಲ್ಲಿ ಬೀಳಲ್ಲ. ಮನೆಗೆ ಬೋರ್‌ವೆಲ್ ನೀರೇ ಗತಿ, ಅದು ಸುಣ್ಣ ತುಂಬಿದ ಗಡಸು ನೀರು. ಬೇಳೆ ಬೇಯಲು ತಡ, ಸೋಪು ನೊರೆ ಬರಲ್ಲ, ಕೆಟಲ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಈ ಬೆಲ್ಟಿನಲ್ಲಿ ಇರುವವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಿರುತ್ತದೆ.

ನನ್ನ ನೀರಿನ ನಂಬರ್ ಮೊದಲೇ ಹೇಳಿಬಿಡುತ್ತೇನೆ. ಜಿಎಚ್ (ಒಟ್ಟು ಗಡಸುತನ) 18ರ ಆಸುಪಾಸು, ಕೆಎಚ್ (ಪಿಎಚ್ ಇಳಿಯದಂತೆ ಹಿಡಿದಿಡುವ ಬೈಕಾರ್ಬನೇಟ್ ಅಂಶ) 14, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಲೆಕ್ಕ) 550ರ ಮೇಲೆ ಕೆಳಗೆ. ಒಂದು ಡಿಗ್ರಿ ಅಂದರೆ 17.8 ಪಿಪಿಎಂ. ಅಲ್ಲಿಗೆ ಜಿಎಚ್ ಸುಮಾರು 320 ಪಿಪಿಎಂ ಆಯಿತು. ಕುಡಿಯುವ ನೀರಿನ ಬಿಐಎಸ್ ಮಾನದಂಡದಲ್ಲಿ ಗಡಸುತನ 200 ಇರಲಿ, ಬೇರೆ ನೀರು ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅಂತಿದೆ. ಹಾಗಾಗಿ ಮನುಷ್ಯರಿಗೆ ತೊಂದರೆ ಇಲ್ಲ. ಪಿಎಚ್ ಮಾತ್ರ ನಲ್ಲಿಯಲ್ಲಿ ಹಿಡಿದ ಕೂಡಲೇ ನೋಡಬೇಡಿ. ಬೋರ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಆಗ 7.3 ತೋರಿಸುತ್ತದೆ. ಬಕೆಟಿನಲ್ಲಿ ಏರ್ ಸ್ಟೋನ್ ಬಿಟ್ಟು ಒಂದು ರಾತ್ರಿ ಇಟ್ಟರೆ 8.2ಕ್ಕೆ ಬರುತ್ತದೆ. ಟ್ಯಾಂಕಿನಲ್ಲಿ ಮೀನು ಬದುಕಬೇಕಾದದ್ದು ಆ 8.2ರಲ್ಲಿ.

ಈಗ ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಎತ್ತರ. ಮರಳು, ಕಲ್ಲು ಕಳೆದು ಇನ್ನೂರು ಲೀಟರ್ ಮೇಲೆ ನೀರು ಹಿಡಿಯುತ್ತದೆ. ಎರಡು ವರ್ಷಕ್ಕಿಂತ ಜಾಸ್ತಿ ಆಯಿತು, ಮೀನು ಸಾಯುವುದು ನಿಂತು. ಬೋಸ್ಮನಿ ರೇನ್‌ಬೋ, ಎಂಡ್ಲರ್, ಕಪ್ಪು ಮೋಲಿ, ಪ್ಲಾಟಿ, ಬ್ರಾಂಜ್ ಕೋರಿ, ಒಂದು ಬ್ರಿಸಲ್‌ನೋಸ್. ಎಲ್ಲವೂ ಅದೇ ಬೋರ್ ನೀರಿನಲ್ಲಿ. ಆರ್‌ಒ ಇಲ್ಲ, ಕೆಮಿಕಲ್ ಇಲ್ಲ. ಮಡಿಕೇರಿಯಲ್ಲಿ ನಮಗಿಂತ ಹಳಬರಾದ ಹವ್ಯಾಸಿ ಒಬ್ಬರಿದ್ದಾರೆ. ಅವರು ಬಂದು ಟ್ಯಾಂಕ್ ಮುಂದೆ ಅರ್ಧ ಗಂಟೆ ಕೂತು, "ನಾನು ಆಗಲ್ಲ ಅಂದಿದ್ದೆ ಮಾರಾಯ, ನೀನು ಮಾಡಿಬಿಟ್ಟೆ" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಮೊದಲು ಹೋದ ದುಡ್ಡಿನ ಕಥೆ ಉದ್ದ ಇದೆ. ಎಲ್ಲರೂ ಕೊಟ್ಟ ಸಲಹೆ ಒಂದೇ: ನೀರನ್ನು ಮೆದು ಮಾಡು, ಆಮೇಲೆ ಬೇಕಾದ ಮೀನು ಹಾಕು. ಅದೇ ದಾರಿಯಲ್ಲಿ ಹೋದೆ. ಮೊದಲು ಕಾಡುಬಾದಾಮಿ ಎಲೆ. ನೀರು ಚಹಾ ಬಣ್ಣಕ್ಕೆ ತಿರುಗಿತು, ಪಿಎಚ್ ಒಂದು ಚೂರೂ ಇಳಿಯಲಿಲ್ಲ. ಕೆಎಚ್ 14 ಇರುವಾಗ ಎಲೆಯಿಂದ ಬರುವ ಆಮ್ಲ ಎಲ್ಲಿಗೂ ಸಾಲಲ್ಲ. ಆಮೇಲೆ ಬಾಟಲಿಯಲ್ಲಿ ಬರುವ ಪಿಎಚ್ ಇಳಿಸುವ ದ್ರಾವಣ. ಸಂಜೆ ಹಾಕಿದರೆ 7ಕ್ಕೆ ಬರುತ್ತಿತ್ತು, ಬೆಳಿಗ್ಗೆ ನೋಡಿದರೆ ಮತ್ತೆ 8ರ ಹತ್ತಿರ. ದಿನಾ ಈ ಮೇಲೆ ಕೆಳಗೆ ಆಟದಲ್ಲಿ ಏಂಜಲ್ ಮೀನುಗಳು ಒಂದೊಂದಾಗಿ ಹೋದವು. ಪಿಎಚ್ 8 ಇದ್ದದ್ದರಿಂದ ಅವು ಸಾಯಲಿಲ್ಲ, ಪಿಎಚ್ ನಿಲ್ಲದೆ ಓಡಾಡಿದ್ದರಿಂದ ಸತ್ತವು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಮನೆಗೆ ನೀರು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿ ಅಂತ ಒಬ್ಬರು ಹೇಳಿದರು. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಸೋಪಿಗೆ ನೊರೆ ಬರುತ್ತದೆ, ಸರಿ. ಕೆಎಚ್ ಹಾಗೇ ಇರುತ್ತದೆ, ಟಿಡಿಎಸ್ ಇಳಿಯಲ್ಲ. ಮೀನಿಗೆ ಏನೂ ಲಾಭ ಇಲ್ಲ. ಅದಕ್ಕೆ ದುಡ್ಡು ಹಾಕಲಿಲ್ಲ.

ಆರ್‌ಒಗೆ ಮಾತ್ರ ಹಾಕಿದೆ. ಒಂಬತ್ತೋ ಹತ್ತೋ ಸಾವಿರ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ. ಬೇಸಿಗೆಯಲ್ಲಿ ಬೋರ್ ಸಣ್ಣಗಾಗಿರುವಾಗ ಮನೆಯಲ್ಲಿ ಅಮ್ಮ ಆ ಪೈಪ್ ನೋಡಿ ಸುಮ್ಮನಿರುತ್ತಾರಾ? ಹೊರಗೆ ಹೋದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಅಡಿಕೆ ಬುಡಕ್ಕೆ ಬಿಡುತ್ತಿದ್ದೆ. ನಮ್ಮ ನೀರಿಗೆ ಮೆಂಬ್ರೇನ್ ವರ್ಷ ತುಂಬುವ ಮೊದಲೇ ಪೊರೆ ಕಟ್ಟಿ ನಿಂತಿತು. ಹೊಸದಕ್ಕೆ ಮತ್ತೆ ದುಡ್ಡು. ಕರೆಂಟ್ ಇಲ್ಲದ ದಿನ ನೀರೂ ಇಲ್ಲ. ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಕಡಿದರೆ ಎಷ್ಟು ಹೊತ್ತು ಕತ್ತಲು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಮಳೆ ನೀರೂ ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಡ್ರಮ್ ತುಂಬಾ ಸಿಗುತ್ತದೆ, ಮೀನು ಚೆನ್ನಾಗಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಯ ಹೂಮಳೆಗೆ ಕಾಯುವ ಹೊತ್ತಿಗೆ ಡ್ರಮ್ ಖಾಲಿ. ಮತ್ತೆ ಬೋರ್ ನೀರಿಗೆ ಬಂದರೆ ಮೀನು ಕುಗ್ಗುತ್ತದೆ. ಮಳೆ ನೀರು ಹಿಡಿಯುವವರಿಗೆ ಒಂದು ಮಾತು: ತೋಟದಲ್ಲಿ ಬೋರ್ಡೋ (ತಾಮ್ರ ಇರುವ ಮೈಲುತುತ್ತು, ಸುಣ್ಣದ ಮದ್ದು) ಕಲಸಿದ ಡ್ರಮ್ ಯಾವ ಕಾರಣಕ್ಕೂ ಬೇಡ. ಎಷ್ಟು ತೊಳೆದರೂ ಮೈಲುತುತ್ತಿನ ಅಂಶ ಉಳಿದಿರುತ್ತದೆ. ತಾಮ್ರಕ್ಕೆ ಮೊದಲು ಬಸವನಹುಳು, ಸೀಗಡಿ ಹೋಗುತ್ತವೆ, ಆಮೇಲೆ ಮೀನು. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು.

ಇಷ್ಟೆಲ್ಲಾ ಆದ ಮೇಲೆ ಪೆನ್ನು ಹಿಡಿದು ಕೂತೆ. ಬೋರ್ ನೀರಿನಲ್ಲಿ ಒಂದು ದೊಡ್ಡ ಗುಣ ಇದೆ: ಅದು ಬದಲಾಗಲ್ಲ. ಮಳೆಗಾಲ, ಬೇಸಿಗೆ ಎರಡರಲ್ಲೂ ನನ್ನ ಕೆಎಚ್ ಒಂದೆರಡು ಡಿಗ್ರಿ ಆಚೀಚೆ ಅಷ್ಟೇ. ಪಿಎಚ್ ಬಂಡೆ ಹಾಗೆ ನಿಂತಿರುತ್ತದೆ. ಇಂಥ ನೀರಿನಲ್ಲೇ ಹುಟ್ಟಿ ಬೆಳೆಯುವ ಮೀನುಗಳು ಲೋಕದಲ್ಲಿ ಬೇಕಾದಷ್ಟಿವೆ. ಅವನ್ನೇ ತಂದರಾಯಿತಲ್ಲ?

ಹಾಗಂದ ಕೂಡಲೇ ನಗರದ ಅಂಗಡಿಯವರು ಹೇಳುವುದು ಆಫ್ರಿಕನ್ ಸಿಕ್ಲಿಡ್. "ಸಾರ್, ಹಾರ್ಡ್ ವಾಟರ್‌ಗೆ ಅದು ಬಿಟ್ರೆ ಬೇರೆ ಏನೂ ಆಗಲ್ಲ" ಅಂತ. ಪೂರ್ತಿ ಸರಿಯಲ್ಲ ಇದು. ಆ ಮೀನುಗಳ ತವರಾದ ಮಲಾವಿ ಸರೋವರದ ಪಿಎಚ್ ಜಾಸ್ತಿ ಇರುವುದು ನಿಜ, ಆದರೆ ಅದರ ಜಿಎಚ್ ನಮ್ಮ ಬೋರ್ ನೀರಿನ ಅರ್ಧವೂ ಇಲ್ಲ. ಇನ್ನೊಂದು ತವರು ಟ್ಯಾಂಗನಿಕಾ ಸರೋವರ ಅದಕ್ಕಿಂತ ಗಡಸು. ಮೀನುಗಳು ನಮ್ಮ ನೀರಿಗೆ ಒಗ್ಗುತ್ತವೆ, ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ಅವುಗಳ ಸ್ವಭಾವದ ಮೇಲೆ. ಸಾಧು ಅಂತ ಮಾರುವ ಎಲೆಕ್ಟ್ರಿಕ್ ಯೆಲ್ಲೋ ಸಿಕ್ಲಿಡ್ ಕೂಡ ಎಂಡ್ಲರ್ ಮರಿಯನ್ನು ಬಿಡಲ್ಲ. ನನಗೆ ಬೇಕಾಗಿದ್ದದ್ದು ಗಿಡ ಇರುವ, ಮೇಲೆ ನಡುವೆ ಕೆಳಗೆ ಬೇರೆ ಬೇರೆ ಮೀನು ಓಡಾಡುವ ಕಮ್ಯುನಿಟಿ ಟ್ಯಾಂಕ್. ಸಿಕ್ಲಿಡ್ ಹಾಕಿದರೆ ಅದು ಸಿಕ್ಲಿಡ್ ಟ್ಯಾಂಕ್ ಆಗುತ್ತದೆ, ಅಷ್ಟೇ.

ಮೊದಲು ಬಂದದ್ದು ಮೋಲಿ. ಮಡಿಕೇರಿಯ ನಮ್ಮ ಹಿರಿಯರ ಟ್ಯಾಂಕಿನಲ್ಲಿ ಮೋಲಿ ಯಾವತ್ತೂ ನಿಂತಲ್ಲೇ ಮೈ ಅಲುಗಿಸುತ್ತಾ, ರೆಕ್ಕೆ ಮುಚ್ಚಿಕೊಂಡು, ಕೊನೆಗೆ ಸಾಯುತ್ತಿತ್ತು. ಅವರು ಉಪ್ಪು ಹಾಕಿ ನೋಡಿದ್ದರು. ಅಲ್ಲಿ ಕೊರತೆ ಇದ್ದದ್ದು ಗಡಸುತನದ್ದು. ಅವರದ್ದೇ ಮೋಲಿ ನಾಲ್ಕನ್ನು ನನ್ನ ಟ್ಯಾಂಕಿಗೆ ತಂದೆ. ವಾರ ಕಳೆಯುವಷ್ಟರಲ್ಲಿ ರೆಕ್ಕೆ ಅಗಲಿಸಿಕೊಂಡು ಕಲ್ಲಿನ ಮೇಲಿನ ಪಾಚಿ ಕೆರೆಯಲು ಶುರು. ಉಪ್ಪು ಒಂದು ಚಮಚವೂ ಹಾಕಿಲ್ಲ. ನನ್ನ ನಿಯಾನ್ ಪೂರಾ ಅವರಿಗೆ ಕೊಟ್ಟೆ, ಅವು ಈಗಲೂ ಅಲ್ಲಿ ಇವೆ. ಗಡಸು ನೀರಿನಲ್ಲಿ ಆ ಜಾತಿಯ ಟೆಟ್ರಾಗಳಿಗೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ, ಮೊಟ್ಟೆಯೂ ಸರಿಯಾಗಿ ಒಡೆಯಲ್ಲ. ಎರಡು ತಿಂಗಳು ಬದುಕಿದ್ದನ್ನು ಒಗ್ಗಿತು ಅಂತ ಹೇಳಲು ಆಗಲ್ಲ.

ಆಮೇಲೆ ಪ್ಲಾಟಿ. ಇಲ್ಲಿ ಗಮನಿಸಿ: ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಎರಡೂ ನೀರಿಗೆ ಸರಿ, ಜಗಳವೂ ಇಲ್ಲ. ಆದರೆ ಎರಡೂ ಒಂದೇ ಕುಲ, ಸಲೀಸಾಗಿ ಬೆರಕೆ ಆಗುತ್ತವೆ. ಒಂದು ವರ್ಷದಲ್ಲಿ ಅತ್ತ ಪ್ಲಾಟಿಯೂ ಅಲ್ಲದ ಇತ್ತ ಸ್ವೋರ್ಡ್‌ಟೇಲೂ ಅಲ್ಲದ ಮರಿಗಳು ತುಂಬಿಕೊಳ್ಳುತ್ತವೆ. ಯಾರೂ ಕೊಳ್ಳಲ್ಲ. ಎರಡರಲ್ಲಿ ಒಂದನ್ನು ಆರಿಸಿ. ಗಪ್ಪಿ ಮತ್ತು ಎಂಡ್ಲರ್ ಕಥೆಯೂ ಅದೇ. ನಾನು ಎಂಡ್ಲರ್ ಇಟ್ಟುಕೊಂಡೆ, ಕಾರಣ ಬಾಲ. ಉದ್ದ ಬಾಲದ ಗಪ್ಪಿ ನಿಧಾನಕ್ಕೆ ಈಜುತ್ತದೆ, ರೇನ್‌ಬೋ ಎದುರು ಅದಕ್ಕೆ ಊಟವೇ ಸಿಗಲ್ಲ. ಎಂಡ್ಲರ್ ಚುರುಕು. 1975ರಲ್ಲಿ ಜಾನ್ ಎಂಡ್ಲರ್ ಇವನ್ನು ಹಿಡಿದದ್ದು ವೆನೆಜುವೆಲಾದ ಕುಮಾನಾ ಬಳಿಯ ಬೆಚ್ಚಗಿನ, ಗಡಸು ನೀರಿನ ಕೆರೆಯಲ್ಲಿ. ನನ್ನ ನೀರು ಅದಕ್ಕೆ ತವರುಮನೆ.

ಮೋಲಿ, ಪ್ಲಾಟಿ, ಎಂಡ್ಲರ್ ಮೂರರಲ್ಲೂ ಒಂದು ಗಂಡಿಗೆ ಮೂರು ಹೆಣ್ಣು ಅಂತ ಇಟ್ಟುಕೊಳ್ಳಿ. ಅಂಗಡಿಯವರು ಜೋಡಿ ಲೆಕ್ಕದಲ್ಲಿ ಕೊಡುತ್ತಾರೆ. ಜೋಡಿ ಬೇಡ. ಗಂಡು ಬೆನ್ನು ಬಿಡದೆ ಅಟ್ಟಿಸಿಕೊಂಡು ಹೋದರೆ ಒಂಟಿ ಹೆಣ್ಣು ಮೂಲೆಯಲ್ಲಿ ಕೂತು ಸೊರಗುತ್ತದೆ.

ನನ್ನ ಟ್ಯಾಂಕಿನ ರಾಜ ಬೋಸ್ಮನಿ. ಇಂಡೋನೇಷ್ಯಾದ ಪಪುವಾದಲ್ಲಿರುವ ಅಯಮಾರು ಕೆರೆಗಳು ಸುಣ್ಣಕಲ್ಲಿನ ನಾಡಿನಲ್ಲಿವೆ. ಅಲ್ಲಿಯ ಮೀನು ಇದು, 1980ರಲ್ಲಿ ಹೆಸರಿಟ್ಟರು. ಮುಂದಿನ ಅರ್ಧ ಮೈ ನೀಲಿ, ಹಿಂದಿನ ಅರ್ಧ ಕಿತ್ತಳೆ. ಅಂಗಡಿಯಲ್ಲಿ ನೋಡಿದರೆ ಯಾರೂ ಕೊಳ್ಳಲ್ಲ, ಮರಿಗಳು ಬೂದು ಬಣ್ಣಕ್ಕೆ ಇರುತ್ತವೆ. ಒಂದಕ್ಕೆ ಮುನ್ನೂರು ರೂಪಾಯಿ ಹತ್ತಿರ ಕೊಟ್ಟು ಎಂಟು ತಂದಾಗ ಮನೆಯಲ್ಲಿ, "ಇದಕ್ಕಿಂತ ಹೊಳೆ ಮೀನು ಚೆನ್ನಾಗಿದೆ" ಅಂದರು. ಬಣ್ಣ ಬರಲು ವರ್ಷ ಬೇಕು. ಈಗ ಬೆಳಿಗ್ಗೆ ಕಿಟಕಿಯಿಂದ ಮೊದಲ ಬೆಳಕು ಬೀಳುವಾಗ ಬಂದು ನೋಡಬೇಕು. ಗಂಡು ಹೆಣ್ಣಿನ ಪಕ್ಕಕ್ಕೆ ಬಂದು, ಎಲ್ಲ ರೆಕ್ಕೆ ಬಿಚ್ಚಿ, ಮೈ ನಡುಗಿಸುತ್ತದೆ. ಆ ಹೊತ್ತಿಗೆ ಮೂತಿಯಿಂದ ಬೆನ್ನಿನ ತನಕ ಒಂದು ಬೆಳ್ಳನೆ ಪಟ್ಟೆ ಸ್ವಿಚ್ ಹಾಕಿದಂತೆ ಹತ್ತಿಕೊಳ್ಳುತ್ತದೆ. ಎರಡು ಕ್ಷಣ ಇದ್ದು ಆರುತ್ತದೆ, ಮತ್ತೆ ಹತ್ತುತ್ತದೆ. ಎದುರು ಇನ್ನೊಂದು ಗಂಡು ಬಂದರೆ ಅದೂ ಹತ್ತಿಸುತ್ತದೆ. ಕಚ್ಚಾಟ ಇಲ್ಲ, ಬರೀ ಬಣ್ಣದ ಪೈಪೋಟಿ. ಬಿಸಿಲೇರಿದ ಮೇಲೆ ಇದು ಅಷ್ಟು ಕಾಣಲ್ಲ.

ರೇನ್‌ಬೋ ಇಡುವವರು ಒಂದೇ ಜಾತಿ ಇಡಿ. ಬೇರೆ ಬೇರೆ ರೇನ್‌ಬೋಗಳು ಬೆರಕೆ ಆಗುತ್ತವೆ, ಹೆಣ್ಣುಗಳನ್ನು ಗುರುತಿಸುವುದೂ ಕಷ್ಟ. ಮೂರು ಅಡಿಗಿಂತ ಸಣ್ಣ ಟ್ಯಾಂಕಿಗೆ ಬೋಸ್ಮನಿ ಬೇಡವೇ ಬೇಡ, ಅದಕ್ಕೆ ಓಡಲು ಉದ್ದ ಬೇಕು. ಮೇಲೆ ಮುಚ್ಚಳ ಇರಲಿ, ಹಾರುತ್ತದೆ. ಅದರಿಂದ ನನಗೆ ಇನ್ನೊಂದು ಲಾಭ: ಎಂಡ್ಲರ್, ಪ್ಲಾಟಿಗಳ ಮರಿ ತಿಂದು ಸಂಖ್ಯೆಯನ್ನು ಬೋಸ್ಮನಿಯೇ ಹದದಲ್ಲಿ ಇಡುತ್ತದೆ. ವ್ಯಾಲಿಸ್ನೇರಿಯಾ ಪೊದೆಯೊಳಗೆ ಸೇರಿಕೊಂಡ ಗಟ್ಟಿ ಮರಿಗಳು ಮಾತ್ರ ಉಳಿಯುತ್ತವೆ.

ವ್ಯಾಲಿಸ್ನೇರಿಯಾ ಬಗ್ಗೆ ಅಂದರೆ, ಗಿಡದಲ್ಲೂ ನೀರಿಗೆ ತಕ್ಕದ್ದನ್ನೇ ಹುಡುಕಿದೆ. ಅದು ಬೈಕಾರ್ಬನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುತ್ತದೆ. ನಮ್ಮ ನೀರಿನಲ್ಲಿ ಬೈಕಾರ್ಬನೇಟಿಗೆ ಬರ ಇಲ್ಲ. ಹಿಂದಿನ ಗೋಡೆ ಪೂರಾ ಈಗ ಅದೇ, ತಿಂಗಳಿಗೊಮ್ಮೆ ಕೈತುಂಬಾ ಕಿತ್ತು ಹಂಚುತ್ತೇನೆ. ಅನುಬಿಯಾಸ್, ಜಾವಾ ಫರ್ನ್ ನಿಧಾನ, ಆದರೆ ಸಾಯಲ್ಲ. ಸಿಒ2 ಸಿಲಿಂಡರ್ ದುಡ್ಡು ಉಳಿಯಿತು.

ಟ್ಯಾಂಕಿನ ತಳದಲ್ಲಿ ಓಡಾಡುವ ಮೀನು ಆರಿಸುವುದೇ ಕಷ್ಟ. ಕೂಲಿ ಲೋಚ್, ಚಂದದ ಕೋರಿಗಳು ಎಲ್ಲ ಮೆದು ನೀರಿನವು. ಬ್ರಾಂಜ್ ಕೋರಿ ಮಾತ್ರ ತಲೆಮಾರುಗಳಿಂದ ಫಾರ್ಮಿನಲ್ಲೇ ಬೆಳೆದದ್ದು, ತಡೆದುಕೊಂಡಿತು. ಒಂದು ಬಾರಿ ಮೊಟ್ಟೆಯೂ ಇಟ್ಟಿತು. ಬ್ರಿಸಲ್‌ನೋಸ್ ಒಂದೇ ಗಂಡು ಸಾಕು, ಎರಡು ಗಂಡಿದ್ದರೆ ಪೊಟರೆಗೆ ಕಿತ್ತಾಡುತ್ತವೆ. ಕೊಳ್ಳುವಾಗ ಹೆಸರು ಕೇಳುವ ಮೊದಲು ಎಲ್ಲಿ ಬೆಳೆದದ್ದು, ಯಾವ ನೀರಿನಲ್ಲಿ ಇದೆ ಅಂತ ಕೇಳಿ. ನನ್ನ ಹತ್ತಿರ ನೀರು ಪರೀಕ್ಷೆ ಮಾಡುವ ಡ್ರಾಪ್ ಕಿಟ್ ಯಾವಾಗಲೂ ಇರುತ್ತದೆ, ಅಂಗಡಿಯ ಟ್ಯಾಂಕಿನ ಕೆಎಚ್ ಅಲ್ಲೇ ನೋಡುತ್ತೇನೆ. ಬೇಸರ ಮಾಡಿಕೊಂಡವರಿದ್ದಾರೆ. ಬೇಸರ ಮಾಡಿಕೊಳ್ಳದ ಒಬ್ಬರಿಂದಲೇ ಈಗ ತರುವುದು. ಅವರು ಯಾರು ಅಂತ ಇಲ್ಲಿ ಹೇಳಲ್ಲ, ಅವರ ಹತ್ತಿರ ಇರುವುದೇ ಸ್ವಲ್ಪ ಮೀನು.

ಗಡಸು ನೀರಿಗೆ ಹೊಸದಾಗಿ ಬರುವವರು ಎಡವುವುದು ಮೀನಿನ ಕಸದಿಂದ ಹುಟ್ಟುವ ಅಮೋನಿಯಾದಲ್ಲಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿ ಇರುವುದು ಅರ್ಧ ಪರ್ಸೆಂಟ್ ಆಸುಪಾಸು. ಪಿಎಚ್ 8 ಆದರೆ ಐದು ಪರ್ಸೆಂಟ್ ದಾಟುತ್ತದೆ. ಹತ್ತು ಪಟ್ಟು. ಹಾಗಾಗಿ ಸೈಕಲ್ ಆಗದ (ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆಯದ) ಟ್ಯಾಂಕಿಗೆ ಮೀನು ಹಾಕಿದರೆ ಮಡಿಕೇರಿಯಲ್ಲಿ ಬದುಕಬಹುದು, ಹೆಬ್ಬಾಲೆಯಲ್ಲಿ ಬದುಕಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಮೂರು ಗಂಟೆ ಬಂದ ಚೀಲದ್ದೂ ಇದೇ ಸಮಸ್ಯೆ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿ ಪಿಎಚ್ ಇಳಿದಿರುತ್ತದೆ, ಸೇರಿಕೊಂಡ ಅಮೋನಿಯಾ ಆಗ ಕಾಟ ಕೊಡಲ್ಲ. ಚೀಲ ಬಿಚ್ಚಿ ನಮ್ಮ 8.2ರ ನೀರನ್ನು ಗಂಟೆಗಟ್ಟಲೆ ಹನಿ ಹನಿ ಬಿಟ್ಟರೆ ಅದೇ ಅಮೋನಿಯಾ ಅಲ್ಲೇ ವಿಷವಾಗುತ್ತದೆ. ಎಲ್ಲರೂ ಹೇಳುವ ಡ್ರಿಪ್ ಪದ್ಧತಿ ನಮ್ಮ ನೀರಿಗೆ, ದೂರದಿಂದ ಬಂದ ಮೀನಿಗೆ ಸರಿಯಲ್ಲ. ಚೀಲದ ನೀರಿನಿಂದ ಮೀನನ್ನು ಬೇಗ ಹೊರಗೆ ತೆಗೆಯಬೇಕು. ತೆಗೆದು ಎಲ್ಲಿಗೆ, ಹೇಗೆ ಅನ್ನುವುದರಲ್ಲಿ ನಾನು ಕಂಡುಕೊಂಡ ಒಂದು ದಾರಿ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದಿನನಿತ್ಯದ್ದು ಜಾಸ್ತಿ ಹೇಳಲು ಇಲ್ಲ. ವಾರಕ್ಕೆ ಮೂವತ್ತು ಪರ್ಸೆಂಟ್ ನೀರು ಬದಲಾವಣೆ, ಹಿಂದಿನ ದಿನ ಹಿಡಿದಿಟ್ಟ ಬೋರ್ ನೀರು. ನಡುವೆ ಆವಿಯಾಗಿ ಇಳಿದದ್ದನ್ನು ತುಂಬಲು ಮಾತ್ರ ಮಳೆ ನೀರು. ಆವಿ ಆಗುವುದು ಬರೀ ನೀರು, ಸುಣ್ಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್ ನೀರು ತುಂಬುತ್ತಾ ಹೋದರೆ ಜಿಎಚ್ ಸದ್ದಿಲ್ಲದೆ ಏರುತ್ತದೆ. ಹೀಟರ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎರಡು ತಿಂಗಳಿಗೊಮ್ಮೆ ತೆಗೆದು ವಿನೆಗರ್‌ನಲ್ಲಿ ನೆನೆಸಿ. ಡಿಸೆಂಬರ್, ಜನವರಿ ಚಳಿಗೆ 200 ವಾಟ್ ಹೀಟರ್ ಬೇಕೇ ಬೇಕು, ಪೊರೆ ಕಟ್ಟಿದ ಹೀಟರ್ ಆ ರಾತ್ರಿಗಳಲ್ಲೇ ಕೈಕೊಡುತ್ತದೆ. ಫಿಲ್ಟರ್ ಇಂಪೆಲ್ಲರ್‌ಗೂ ಅದೇ ಸ್ನಾನ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪಿಗೆ ಸ್ಪಾಂಜ್ ಫಿಲ್ಟರ್ ಸಿಕ್ಕಿಸುತ್ತೇನೆ.

ಪಕ್ಕದಲ್ಲಿ ಒಂದೆರಡು ಪ್ರಯೋಗ ನಡೆದೇ ಇದೆ. ಎರಡು ಅಡಿಯ ಟ್ಯಾಂಕಿನಲ್ಲಿ ಆರೆಂಜ್ ಕ್ರೋಮೈಡ್ ಇಟ್ಟೆ. ನಮ್ಮ ದಕ್ಷಿಣ ಭಾರತದ್ದೇ ಮೀನು, ಕರಾವಳಿಯ ಅರೆ ಉಪ್ಪು ನೀರಿನಲ್ಲೂ ಇರುತ್ತದೆ, ಗಡಸು ನೀರು ಅದಕ್ಕೆ ಲೆಕ್ಕಕ್ಕಿಲ್ಲ. ಕಮ್ಯುನಿಟಿಗೆ ಹಾಕಬಹುದು ಅಂದುಕೊಂಡವರಿಗೆ ಹೇಳುತ್ತೇನೆ, ಮೊಟ್ಟೆ ಇಟ್ಟ ಮೇಲೆ ಜೋಡಿ ಯಾರನ್ನೂ ಹತ್ತಿರ ಬಿಡಲ್ಲ. ಬೇರೆ ಟ್ಯಾಂಕೇ ಸರಿ. ಮರಿಗಳು ಅಪ್ಪ ಅಮ್ಮನ ಮೈಗೆ ಮುತ್ತಿಕೊಂಡು ಮೈಮೇಲಿನ ಲೋಳೆ ತಿನ್ನುವುದನ್ನು ಒಮ್ಮೆ ನೋಡಿದರೆ ಆ ಟ್ಯಾಂಕ್ ತೆಗೆಯಲು ಮನಸ್ಸು ಬರಲ್ಲ.

ಇನ್ನೊಂದು ಟ್ಯಾಂಗನಿಕಾದ ಚಿಪ್ಪು ಮೀನು, ಮಲ್ಟಿ ಅಂತ ಕರೆಯುತ್ತೇವೆ. ಎರಡು ಇಂಚೂ ಇರಲ್ಲ, ಖಾಲಿ ಬಸವನಹುಳುವಿನ ಚಿಪ್ಪಿನಲ್ಲಿ ಸಂಸಾರ. ಆನ್‌ಲೈನ್‌ನಲ್ಲಿ ಚಿಪ್ಪಿಗೇ ನೂರಾರು ರೂಪಾಯಿ ಕೇಳುತ್ತಾರೆ. ನಮ್ಮಲ್ಲಿ ಆಫ್ರಿಕನ್ ಬಸವನಹುಳು ತೋಟಗಳಿಗೆ ಎಷ್ಟು ಕಾಟ ಕೊಟ್ಟಿದೆ ಅಂತ ಗೊತ್ತಲ್ಲ. ಅದರ ಸಣ್ಣ ಸೈಜಿನ ಖಾಲಿ ಚಿಪ್ಪು, ಗದ್ದೆಯ ಬಸವನಹುಳುವಿನ ಚಿಪ್ಪು ಆರಿಸಿ, ಕುದಿಸಿ, ವಾರ ನೀರು ಬದಲಿಸಿ ನೆನೆಸಿ ಹಾಕಿದೆ. ಮದ್ದು ಇಟ್ಟ ತೋಟದ ಚಿಪ್ಪು ಮುಟ್ಟಲೇಬೇಡಿ. ಮೀನುಗಳು ಎರಡನೇ ದಿನಕ್ಕೇ ಒಂದೊಂದು ಮನೆ ಹಿಡಿದವು. ಆಫ್ರಿಕನ್ ಚಿಪ್ಪಿಗಿಂತ ಗದ್ದೆಯದ್ದೇ ಅವಕ್ಕೆ ಇಷ್ಟ, ಬಾಯಿ ಅಗಲ ಇರುವುದಕ್ಕೋ ಏನೋ. ಈಗ ಅಲ್ಲಿ ಮೂರು ತಲೆಮಾರು ಒಟ್ಟಿಗೆ ಇದೆ.

ಮಿಸ್ ಕೇರಳ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಕೊಡಗಿನ ಬರಪೊಳೆ ಕೆಳಗೆ ಕೇರಳದಲ್ಲಿ ವಳಪಟ್ಟಣಂ ಹೊಳೆ ಸೇರುತ್ತದಲ್ಲ, ಆ ಹೊಳೆಯ ಮೀನದು. ಗಡಸು ನೀರನ್ನು ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ತಂಪು, ಜೋರು ಹರಿವು ಬೇಕು, ಬೋಸ್ಮನಿ ಜೊತೆ ಊಟಕ್ಕೆ ಸ್ಪರ್ಧೆ ಜೋರು. ಅಳಿವಿನಂಚಿನ ಮೀನು ಬೇರೆ. ಹೊಳೆಯಿಂದ ಹಿಡಿದದ್ದಂತೂ ಬೇಡವೇ ಬೇಡ.

ಲೆಕ್ಕ ಕೊನೆಗೆ. ನೀರು ಮೆದು ಮಾಡುವ ಹುಚ್ಚಿಗೆ ಹೋದದ್ದು ಆರ್‌ಒ, ಮೆಂಬ್ರೇನ್, ಬಾಟಲಿ, ಸತ್ತ ಮೀನು ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ. ಈಗಿನ ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್ ಹದಿನಾಲ್ಕು ಸಾವಿರ, ಮೀನಿಗೆ ನಾಲ್ಕು ಸಾವಿರ ಚಿಲ್ಲರೆ. ಬೋಸ್ಮನಿಗೆ ಉಣ್ಣೆ ದಾರದ ಮಾಪ್ ಇಳಿಬಿಟ್ಟರೆ ಅದರಲ್ಲಿ ಮೊಟ್ಟೆ ಸಿಕ್ಕಿಸುತ್ತದೆ, ವಾರದ ಮೇಲೆ ಒಡೆಯುತ್ತದೆ. ಮರಿಗಳ ಬಾಯಿ ತೀರಾ ಸಣ್ಣದು. ಮೊದಲ ಹತ್ತು ದಿನಕ್ಕೆ ನಾನು ಕೊಡುವುದು ಹಸಿರು ನೀರು ಮತ್ತು ಇನ್ನೊಂದು. ಆ ಇನ್ನೊಂದನ್ನು ಹಿಡಿದ ಮೇಲೇ ನೂರರಲ್ಲಿ ಅರುವತ್ತು ಮರಿ ಉಳಿಯುತ್ತಿದೆ. ಮೊದಲು ಹತ್ತೂ ಉಳಿಯುತ್ತಿರಲಿಲ್ಲ. ಕಳೆದ ವರ್ಷ ಮರಿ ಮಾರಿದ್ದರಲ್ಲಿ ಫೀಡು, ಕರೆಂಟ್ ಬಿಲ್ ಎರಡೂ ಹೊರಟುಹೋಯಿತು.

ಕೂಡಿಗೆ, ಶಿರಂಗಾಲ, ಶನಿವಾರಸಂತೆ, ಪಿರಿಯಾಪಟ್ಟಣದ ಕಡೆ ಬೋರ್ ನೀರಿನಲ್ಲಿ ಒದ್ದಾಡುತ್ತಿರುವವರು ನಿಮ್ಮ ಜಿಎಚ್, ಕೆಎಚ್, ರಾತ್ರಿ ಇಟ್ಟು ನೋಡಿದ ಪಿಎಚ್ ಮೂರನ್ನೂ ಬರೆದುಕೊಂಡು ಬನ್ನಿ. ಎಂಡ್ಲರ್ ಮತ್ತು ವ್ಯಾಲಿಸ್ನೇರಿಯಾ ಸುಮ್ನೆ ಕೊಡುತ್ತೇನೆ. ಬೋಸ್ಮನಿ ಮರಿಗೆ ಮಾತ್ರ ನೂರೈವತ್ತು. ಒಬ್ಬರಿಗೆ ಆರಕ್ಕಿಂತ ಕಡಿಮೆ ಕೊಡಲ್ಲ, ಮೂರು ಅಡಿಯ ಟ್ಯಾಂಕ್ ಇಲ್ಲದವರಿಗೆ ಕೊಡುವುದೇ ಇಲ್ಲ.